ಹಿಮವನ್ನು ಕಾಣದ ಸಂವೇದಕ: ವಿದ್ಯುತ್ ಹಿಮಕರಗಿಸುವ ವ್ಯವಸ್ಥೆಗಳ ಒಂದು ವಿಮರ್ಶೆ

ನಿಮ್ಮ ಮನೆಯಲ್ಲಿ ‘ಫ್ರಾಸ್ಟ್ ಫ್ರೀ’ ರೆಫ್ರಿಜರೇಟರ್ ಇದೆಯೆ? ಇದ್ದರೆ ಅದರೊಳಗೆ ಒಂದು ಚಿಕ್ಕ ವಿದ್ಯುತ್ ಒಲೆಯೂ ಇದೆ. ತಂಪು ಮಾಡುವ ಪೆಟ್ಟಿಗೆಯಲ್ಲಿ ಒಲೆ ಏಕೆ ಎಂದು ಆಶ್ಚರ್ಯಪಡಬೇಡಿ. ಶೀತಲ ಸುರುಳಿಯ ಮೇಲೆ ಹೆಪ್ಪುಗಟ್ಟುವ ಮಂಜುಗಡ್ಡೆಯ ಪದರವನ್ನು ಆಗಾಗ ಕರಗಿಸಿ ಹರಿಸುವುದು ಅದರ ಕೆಲಸ. ಹಳೆಯ ಮಾದರಿಗಳಲ್ಲಿ ಒಂದು ಗಡಿಯಾರ ಕೆಲವು ಗಂಟೆಗಳಿಗೊಮ್ಮೆ ಈ ಒಲೆಯನ್ನು ಹೊತ್ತಿಸುತ್ತದೆ. ಗಡ್ಡೆ ಕಟ್ಟಿದೆಯೋ ಇಲ್ಲವೋ ಎಂಬುದನ್ನು ಗಡಿಯಾರ ವಿಚಾರಿಸುವುದಿಲ್ಲ. ಹೊತ್ತಾಯಿತು, ಹೊತ್ತಿಸಿತು, ಅಷ್ಟೆ.

ಈಗ ಈ ಪೆಟ್ಟಿಗೆಯನ್ನು ತಿರುವಿ ಹಾಕಿ. ಚಳಿ ಹೊರಗಿದೆ, ಗಡ್ಡೆ ಕಟ್ಟುವುದು ಮನೆಯ ಮುಂದಿನ ಕಾರುದಾರಿಯ ಮೇಲೆ, ಆಸ್ಪತ್ರೆಯ ಮೆಟ್ಟಿಲುಗಳ ಮೇಲೆ, ರೈಲು ಹಳಿಗಳು ಕವಲೊಡೆಯುವ ಜಾಗದಲ್ಲಿ. ನಾರ್ವೆ, ಸ್ವೀಡನ್, ಕೆನಡಾ, ಅಮೆರಿಕದ ಉತ್ತರ ರಾಜ್ಯಗಳು, ಜಪಾನಿನ ಹೊಕ್ಕೈಡೊ ಮುಂತಾದೆಡೆ ಇಂಥ ಜಾಗಗಳಲ್ಲಿ ಕಾಂಕ್ರೀಟು ಅಥವಾ ಡಾಂಬರಿನೊಳಗೆ ತಾಪಕ ಕೇಬಲ್‌ಗಳನ್ನು ಹುದುಗಿಸುತ್ತಾರೆ. ಒಂದು ಚದರ ಮೀಟರಿಗೆ ಸುಮಾರು 300 ವ್ಯಾಟ್‌ನಿಂದ 500 ವ್ಯಾಟ್‌ವರೆಗೆ ಸಾಮರ್ಥ್ಯವಿರುತ್ತದೆ. ಹಿಮ ಬಿದ್ದಾಗ ವಿದ್ಯುತ್ ಹರಿಯಬೇಕು, ನಿಂತಾಗ ನಿಲ್ಲಬೇಕು. ಇದನ್ನು ನೋಡಿಕೊಳ್ಳಲು ಸಂವೇದಕ ಹಾಗೂ ನಿಯಂತ್ರಕ ಇವೆ. ಸಂವೇದಕವು ಹಿಮವನ್ನು ಗುರುತಿಸುತ್ತದೆ, ನಿಯಂತ್ರಕವು ವಿದ್ಯುತ್ತನ್ನು ಹರಿಸುತ್ತದೆ, ದಾರಿ ಸ್ವಚ್ಛವಾದೊಡನೆ ನಿಲ್ಲಿಸುತ್ತದೆ. ಮಾರಾಟದ ಕೈಪಿಡಿಗಳ ಧಾಟಿ ಇದು. ಯಾಂತ್ರೀಕರಣವನ್ನು ಪರಿಚಯಿಸುವ ಎಷ್ಟೋ ಪಾಠಗಳ ಧಾಟಿಯೂ ಇದೇ.

ಈ ವಾಕ್ಯದ ಮೂರು ಭಾಗಗಳಲ್ಲಿ ನಡುವಿನದು ಮಾತ್ರ ನಿಜ ಎಂಬುದು ನನ್ನ ಅಭಿಪ್ರಾಯ. ಏಕೆಂಬುದನ್ನು ಭೌತಶಾಸ್ತ್ರದ ದೃಷ್ಟಿಯಿಂದ ನಿಮ್ಮ ಮುಂದೆ ಇಡುತ್ತೇನೆ.

ನಾನು ಇದರ ಬಗ್ಗೆ ಯೋಚಿಸುವಂತಾದದ್ದು ಕೆನಡಾದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ. ಅವನ ಮನೆಯ ಮುಂದೆ ಇಂಥ ವ್ಯವಸ್ಥೆ ಇದೆ. ಅವನ ದೂರು ಎರಡು. “ಸರ್, ಹಿಮ ನಿಂತು ಅರ್ಧ ದಿನವಾಗಿ ನೆಲ ಒಣಗಿದ್ದರೂ ಇದು ಉರಿಯುತ್ತಲೇ ಇರುತ್ತದೆ. ಆದರೆ ಊರಿನಿಂದ ಅಮ್ಮ ಬಂದಿದ್ದಾಗ, ಒಂದು ಬೆಳಿಗ್ಗೆ ದಾರಿಯ ಮೇಲೆ ಗಾಜಿನಂತೆ ಗಡ್ಡೆ ಕಟ್ಟಿತ್ತು. ಆ ದಿನ ಇದು ಸುಮ್ಮನಿತ್ತು. ಅಮ್ಮ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಯಂತ್ರ ಕೆಟ್ಟಿದೆಯೆ?” ಪರೀಕ್ಷಿಸಿದವರು ಯಂತ್ರ ಸರಿಯಾಗಿದೆ ಎಂದರಂತೆ. ಅವರು ಹೇಳಿದ್ದು ಸುಳ್ಳಲ್ಲ. ಸರಿಯಾಗಿರುವ ಯಂತ್ರವೇ ಹೀಗೆ ವರ್ತಿಸುತ್ತದೆ ಎಂಬುದೇ ಇಲ್ಲಿನ ವಿಷಯ.

ಎಷ್ಟು ಶಾಖ ಬೇಕು?

ಮೊದಲು ಲೆಕ್ಕ ನೋಡೋಣ. ಹೊಸದಾಗಿ ಬಿದ್ದ ಹಿಮದ ಸಾಂದ್ರತೆ ಘನ ಮೀಟರಿಗೆ ಸುಮಾರು 100 ಕಿ.ಗ್ರಾಂ. ಗಂಟೆಗೆ 1 ಸೆಂ.ಮೀ. ದಪ್ಪ ಹಿಮ ಬೀಳುತ್ತಿದ್ದರೆ ಒಂದು ಚದರ ಮೀಟರಿನ ಮೇಲೆ ಗಂಟೆಗೆ 1 ಕಿ.ಗ್ರಾಂ. ಬಿದ್ದಂತಾಯಿತು. ಅದರ ಉಷ್ಣತೆ –5 ಡಿಗ್ರಿ ಸೆಲ್ಸಿಯಸ್ ಎಂದಿಟ್ಟುಕೊಳ್ಳಿ. ಸೊನ್ನೆ ಡಿಗ್ರಿಗೆ ತರಲು ಸುಮಾರು 10 ಕಿಲೋಜೂಲ್, ಕರಗಿಸಲು ಗುಪ್ತೋಷ್ಣ 334 ಕಿಲೋಜೂಲ್ ಬೇಕು. ಗಂಟೆಯ 3600 ಸೆಕೆಂಡುಗಳಿಂದ ಭಾಗಿಸಿದರೆ ಸುಮಾರು 95 ವ್ಯಾಟ್. ಅಂದರೆ ಹಿಮವನ್ನು ಬರಿದೆ ಕರಗಿಸಲು 300 ವ್ಯಾಟ್ ಧಾರಾಳವಾಯಿತು.

ಆದರೆ ಕರಗಿ ತೆರೆದುಕೊಂಡ ನೆಲ ಸುಮ್ಮನಿರುವುದಿಲ್ಲ. ಗಾಳಿಗೆ ಸಂವಹನದಿಂದ, ಆಕಾಶಕ್ಕೆ ವಿಕಿರಣದಿಂದ, ತಳದ ಮಣ್ಣಿಗೆ ವಹನದಿಂದ ಶಾಖವನ್ನು ಕಳೆದುಕೊಳ್ಳುತ್ತದೆ. ನೀರು ಆವಿಯಾದರೆ ಕಿಲೋಗ್ರಾಮಿಗೆ 2500 ಕಿಲೋಜೂಲ್ ಹೋಯಿತು. ಇದು ಕರಗಿಸಲು ಬೇಕಾದುದರ ಏಳೂವರೆ ಪಟ್ಟು. ಹೀಗಾಗಿ ನೀರನ್ನು ಒಣಗಿಸುವುದಕ್ಕಿಂತ ಇಳಿಜಾರು ಮಾಡಿ ಹರಿಸುವುದೇ ಜಾಣತನ.

ಇದೆಲ್ಲವನ್ನೂ ಒಟ್ಟುಗೂಡಿಸುವ ಸಮೀಕರಣವೊಂದನ್ನು ಅಮೆರಿಕದ ಚ್ಯಾಪ್‌ಮನ್ 1950ರ ದಶಕದಲ್ಲಿ ರೂಪಿಸಿದರು. ತಾಪನ ಹಾಗೂ ಶೀತಲೀಕರಣ ಎಂಜಿನಿಯರುಗಳ ಸಂಘವಾದ ‘ಆಶ್ರೇ’ಯ ಕೈಪಿಡಿ ಇದನ್ನು ಬಳಸಿಕೊಂಡು ಬಂದಿದೆ. ಇದರಲ್ಲಿ ಒಂದು ಸ್ವಾರಸ್ಯದ ಪದವಿದೆ: ‘ಹಿಮಮುಕ್ತ ಕ್ಷೇತ್ರದ ಅನುಪಾತ’. ಬಿದ್ದ ಹಿಮವೆಲ್ಲ ಕೂಡಲೆ ಕರಗಿ ನೆಲ ಪೂರ್ತಿ ತೆರೆದಿದ್ದರೆ ಅದರ ಬೆಲೆ 1. ನೆಲದ ಮೇಲೆ ತೆಳುವಾದ ಹಿಮ ಮುಚ್ಚಿಕೊಂಡಿದ್ದರೆ 0. ಹಿಮದ ಪದರ ಕಂಬಳಿಯಂತೆ ಶಾಖವನ್ನು ತಡೆಯುವುದರಿಂದ ಎರಡನೆಯ ಸ್ಥಿತಿಗೆ ಕಡಿಮೆ ವಿದ್ಯುತ್ ಸಾಕು. ಮನೆಗೆ ಎಷ್ಟು, ಆಸ್ಪತ್ರೆಯ ದಾರಿಗೆ ಎಷ್ಟು ಎಂದು ಎಂಜಿನಿಯರರು ಈ ಅನುಪಾತವನ್ನು ಆಯ್ದುಕೊಂಡೇ ವಿನ್ಯಾಸ ಮಾಡುತ್ತಾರೆ. ಈ ಪದವನ್ನು ನೆನಪಿನಲ್ಲಿಡಿ. ನಾವು ಮತ್ತೆ ಇದರ ಬಳಿಗೆ ಬರುತ್ತೇವೆ.

ಸಂವೇದಕ ಅಳೆಯುವುದು ಏನನ್ನು?

ಕಂಬದ ಮೇಲೆ ಅಥವಾ ಸೂರಿನ ಅಂಚಿನಲ್ಲಿ ನಿಲ್ಲಿಸುವ ಸಾಮಾನ್ಯ ಸಂವೇದಕವನ್ನು ನೋಡಿ. ಮೇಲೆ ಒಂದು ಪುಟ್ಟ ಬಟ್ಟಲು. ಅದನ್ನು ಚಿಕ್ಕ ತಾಪಕವೊಂದು ಬೆಚ್ಚಗೆ ಇಟ್ಟಿರುತ್ತದೆ. ಬಟ್ಟಲಿನಲ್ಲಿ ಒಂದಕ್ಕೊಂದು ತಾಗದಂತೆ ಎರಡು ಇಲೆಕ್ಟ್ರೋಡುಗಳು. ಹಿಮದ ಹಳಕು ಬಿದ್ದು ಕರಗಿದಾಗ ನೀರು ಇವೆರಡರ ನಡುವೆ ಸೇತುವೆಯಾಗುತ್ತದೆ, ರೋಧ ಇಳಿಯುತ್ತದೆ. ಇಲ್ಲಿ ನೇರ ವಿದ್ಯುತ್ ಬಳಸಿದರೆ ವಿದ್ಯುದ್ವಿಶ್ಲೇಷಣೆಯಿಂದ ಇಲೆಕ್ಟ್ರೋಡುಗಳು ಸವೆಯುತ್ತವೆ. ಆದುದರಿಂದ ಪರ್ಯಾಯ ವಿದ್ಯುತ್ತಿನಿಂದ ಅಳೆಯುವುದು ವಾಡಿಕೆ. ಪಕ್ಕದಲ್ಲಿ ಗಾಳಿಯ ಉಷ್ಣತೆ ಅಳೆಯಲು ಒಂದು ಥರ್ಮಿಸ್ಟರ್.

ನಿಯಂತ್ರಕದ ತರ್ಕ ಸರಳ. ‘ತೇವವಿದೆ’ ಮತ್ತು ‘ಗಾಳಿಯ ಉಷ್ಣತೆ ಸುಮಾರು 3 ಡಿಗ್ರಿಗಿಂತ ಕಡಿಮೆ ಇದೆ’ ಎಂಬ ಎರಡೂ ನಿಜವಾದರೆ ರಿಲೇ ಮುಚ್ಚುತ್ತದೆ, ಅದು ಕಾಂಟ್ಯಾಕ್ಟರನ್ನು ಎಳೆಯುತ್ತದೆ, ಕೇಬಲ್‌ಗಳಿಗೆ ವಿದ್ಯುತ್ ಹರಿಯುತ್ತದೆ. ತರ್ಕದ್ವಾರಗಳನ್ನು ಓದಿದ ವಿದ್ಯಾರ್ಥಿಗಳು ಇದನ್ನು ‘ಆ್ಯಂಡ್’ ದ್ವಾರ ಎಂದು ಗುರುತಿಸುವಿರಿ.

ಗಮನಿಸಿ: ಇದರಲ್ಲಿ ಹಿಮ ಎಲ್ಲಿಯೂ ಬರಲಿಲ್ಲ. ಸಂವೇದಕ ಅಳೆದದ್ದು ನೀರಿನ ವಾಹಕತೆ ಮತ್ತು ಗಾಳಿಯ ಉಷ್ಣತೆ. ‘ಹಿಮ ಬೀಳುತ್ತಿದೆ’ ಎಂಬುದು ಇವೆರಡರಿಂದ ಮಾಡಿದ ಊಹೆ. ಬಹಳ ಸಲ ಸರಿಯಾಗುವ ಜಾಣ ಊಹೆ, ನಿಜ, ಆದರೂ ಊಹೆಯೇ.

ಸೊನ್ನೆಗೆ ಬದಲು 3 ಡಿಗ್ರಿ ಏಕೆ? ಬೀಳುವ ಹಳಕು ಕರಗಲು ಸಮಯ ಬೇಕು. ಗಾಳಿ ಒಣಗಿದ್ದರೆ ಹಳಕಿನ ಮೈಯಿಂದ ಆವಿಯಾಗುವ ನೀರು ಅದನ್ನು ಇನ್ನಷ್ಟು ತಂಪಾಗಿಡುತ್ತದೆ. ಆದ್ದರಿಂದ 2 ಡಿಗ್ರಿಯಲ್ಲೂ ಹಿಮ ಬೀಳಬಹುದು. ನಿಜವಾಗಿ ಬೇಕಾದದ್ದು ಆರ್ದ್ರ ಬಲ್ಬಿನ ಉಷ್ಣತೆ. ಅದಕ್ಕೆ ಆರ್ದ್ರತೆಯನ್ನೂ ಅಳೆಯಬೇಕು. ಅಷ್ಟು ಮಾಡದೆ 3 ಡಿಗ್ರಿ ಎಂಬ ಸುರಕ್ಷಿತ ಗೆರೆ ಎಳೆದಿದ್ದಾರೆ. ಪರಿಣಾಮವಾಗಿ 2.5 ಡಿಗ್ರಿಯಲ್ಲಿ ಬೀಳುವ ಸಾಮಾನ್ಯ ಮಳೆಗೂ ಯಂತ್ರ ಹೊತ್ತಿಕೊಳ್ಳುತ್ತದೆ.

ಎರಡು ಬಗೆಯ ತಪ್ಪು

ಊಹೆ ಎಂದ ಮೇಲೆ ತಪ್ಪು ಎರಡು ಬಗೆ: ಇಲ್ಲದ ಹಿಮವನ್ನು ಇದೆ ಎನ್ನುವುದು, ಇರುವುದನ್ನು ಇಲ್ಲ ಎನ್ನುವುದು. ಮೊದಲನೆಯದಕ್ಕೆ ಬೆಲೆ ವಿದ್ಯುತ್ತಿನಲ್ಲಿ, ಎರಡನೆಯದಕ್ಕೆ ಮೂಳೆಯಲ್ಲಿ.

ನನ್ನ ವಿದ್ಯಾರ್ಥಿಯ ತಾಯಿ ಬಿದ್ದ ಬೆಳಿಗ್ಗೆ ಏನಾಗಿತ್ತು? ಹಿಂದಿನ ದಿನದ ಬಿಸಿಲಿಗೆ ಹುಲ್ಲುಹಾಸಿನ ಹಿಮ ಕರಗಿ ನೀರು ದಾರಿಗೆ ಹರಿದಿತ್ತು. ರಾತ್ರಿ ಆಕಾಶ ಶುಭ್ರ. ಇಂಥ ರಾತ್ರಿ ನೆಲವು ಆಕಾಶದತ್ತ ಅವಕೆಂಪು ವಿಕಿರಣವನ್ನು ಸೂಸಿ ಗಾಳಿಗಿಂತಲೂ ಕೆಲವು ಡಿಗ್ರಿ ತಣ್ಣಗಾಗುತ್ತದೆ. ನೀರು ಗಡ್ಡೆಯಾಯಿತು. ಆದರೆ ಮೇಲಿನಿಂದ ಏನೂ ಬೀಳಲಿಲ್ಲ, ಬಟ್ಟಲು ಒಣಗಿತ್ತು. ಸಂವೇದಕದ ಲೆಕ್ಕದಲ್ಲಿ ಅದು ಹಿಮವಿಲ್ಲದ ರಾತ್ರಿ. ಅದು ಹೇಳಿದ್ದು ಸರಿ. ನಾವು ಕೇಳಿದ ಪ್ರಶ್ನೆಯೇ ತಪ್ಪು. ‘ಹಿಮ ಬೀಳುತ್ತಿದೆಯೆ?’ ಎಂದು ಕೇಳಿದೆವು. ಕೇಳಬೇಕಾಗಿದ್ದದ್ದು ‘ನೆಲ ಜಾರುತ್ತಿದೆಯೆ?’ ಎಂದು.

ಇದಕ್ಕೆ ಪರಿಹಾರವಾಗಿ ನೆಲದಲ್ಲೇ ಹೂಳುವ ಸಂವೇದಕಗಳಿವೆ. ಇವು ನೆಲದ ಮೈಯ ಉಷ್ಣತೆಯನ್ನೂ ತೇವವನ್ನೂ ಅಲ್ಲೇ ಅಳೆಯುತ್ತವೆ. ಮೇಲಿನ ರಾತ್ರಿಯನ್ನು ಇವು ಗುರುತಿಸಬಲ್ಲವು, ಖಂಡಿತ ಉತ್ತಮ. ಆದರೆ ಇವುಗಳಿಗೆ ಬೇರೆ ತೊಡಕುಗಳಿವೆ. ಕಾರಿನ ಚಕ್ರಗಳು ರಸ್ತೆಯಿಂದ ತರುವ ಉಪ್ಪು ಸಂವೇದಕದ ಮೇಲೆ ಉಳಿದರೆ ವಾಹಕತೆ ಏರಿ ‘ತೇವ’ ಮುಗಿಯುವುದೇ ಇಲ್ಲ. ಕೆಸರು ಮೆತ್ತಿದರೂ ಅಷ್ಟೆ. ಸಂವೇದಕ ತನ್ನ ಮೇಲಿನ ಹಿಮವನ್ನು ತಾನೇ ಕರಗಿಸಿದಾಗ ಅದರ ಮೇಲೆ ಚಿಕ್ಕ ಗುಹೆ ಉಂಟಾಗಬಹುದು. ಒಳಗೆ ಒಣಗಿದ ಸಂವೇದಕ ‘ಹಿಮವಿಲ್ಲ’ ಎನ್ನುತ್ತದೆ, ಮೇಲೆ ಹಿಮದ ಚಾವಣಿ! ಇನ್ನೊಂದು ಮಾತು: ಅಂಗೈಯಗಲದ ಒಂದು ಬಿಂದು 50 ಚದರ ಮೀಟರಿಗೆ ಸಾಕ್ಷಿ ಹೇಳಬೇಕು. ಬಿಸಿಲು ಬೀಳುವ ಭಾಗ, ಗೋಡೆಯ ನೆರಳಿನ ಭಾಗ ಎರಡೂ ಅದಕ್ಕೆ ಒಂದೇ.

ಗಾಳಿಯದೊಂದು, ನೆಲದ್ದೊಂದು ಎಂದು ಎರಡು ಸಂವೇದಕ ಇಟ್ಟರೆ? ‘ಯಾವುದಾದರೂ ಒಂದು ಹೇಳಿದರೆ ಸಾಕು’ ಎಂದರೆ ಸುಳ್ಳು ಕರೆಗಳು ಹೆಚ್ಚುತ್ತವೆ. ‘ಎರಡೂ ಹೇಳಬೇಕು’ ಎಂದರೆ ತಪ್ಪಿಹೋಗುವುದು ಹೆಚ್ಚುತ್ತದೆ. ಎರಡು ತಪ್ಪುಗಳನ್ನೂ ಒಟ್ಟಿಗೆ ಸೊನ್ನೆ ಮಾಡುವ ಗುಂಡಿ ಯಾವ ನಿಯಂತ್ರಕದಲ್ಲೂ ಇಲ್ಲ. ಯಾವ ತಪ್ಪನ್ನು ಸಹಿಸೋಣ ಎಂಬುದನ್ನು ಮನುಷ್ಯನೇ ನಿರ್ಧರಿಸಬೇಕು.

ತಡವಾಗಿ ಬೆಚ್ಚಗಾಗುವ ನೆಲ

ಸಂವೇದಕ ಸರಿಯಾಗಿಯೇ ಹೇಳಿತು ಎನ್ನೋಣ. ನೆಲ ಕೂಡಲೆ ಬೆಚ್ಚಗಾಗುವುದೆ? 10 ಸೆಂ.ಮೀ. ದಪ್ಪದ ಕಾಂಕ್ರೀಟ್ ಹಾಸು ಚದರ ಮೀಟರಿಗೆ ಸುಮಾರು 230 ಕಿ.ಗ್ರಾಂ. ತೂಗುತ್ತದೆ. ಒಂದು ಡಿಗ್ರಿ ಏರಿಸಲು ಸುಮಾರು 200 ಕಿಲೋಜೂಲ್ ಬೇಕು. –8 ಡಿಗ್ರಿಯಿಂದ +2 ಡಿಗ್ರಿಗೆ ತರಲು 2000 ಕಿಲೋಜೂಲ್. 300 ವ್ಯಾಟ್ ದರದಲ್ಲಿ, ಒಂದಿಷ್ಟೂ ನಷ್ಟವಿಲ್ಲದಿದ್ದರೂ, ಸುಮಾರು ಒಂದೂ ಮುಕ್ಕಾಲು ಗಂಟೆ. ನಷ್ಟ ಸೇರಿದರೆ ಇನ್ನೂ ಹೆಚ್ಚು. ಮೊದಲ ಹಳಕು ಬಿದ್ದಾಗ ಎಚ್ಚರಗೊಳ್ಳುವ ವ್ಯವಸ್ಥೆ ಮೊದಲ ಎರಡು ಗಂಟೆ ಹಿಮವನ್ನು ಶೇಖರಿಸುತ್ತದೆಯೇ ಹೊರತು ಕರಗಿಸುವುದಿಲ್ಲ.

ಇದನ್ನು ತಪ್ಪಿಸಲು ಕೆಲವರು ಚಳಿಗಾಲವಿಡೀ ಹಾಸನ್ನು ಸೊನ್ನೆಯ ಆಸುಪಾಸಿನಲ್ಲಿ ಬೆಚ್ಚಗಿಟ್ಟಿರುತ್ತಾರೆ. ಆಸ್ಪತ್ರೆಯ ತುರ್ತು ದಾರಿಗೆ ಇದು ನ್ಯಾಯ. ಮನೆಯ ಕಾರುದಾರಿಗೆ ಇದು ಆಕಾಶವನ್ನು ಬಿಸಿ ಮಾಡುವ ಕೆಲಸ.

ಫೀಡ್‌ಬ್ಯಾಕ್ ಎಲ್ಲಿದೆ?

ಈಗ ನನ್ನ ಮುಖ್ಯ ಆಕ್ಷೇಪ. ಸ್ವಯಂ ನಿಯಂತ್ರಣದ ತಿರುಳು ಫೀಡ್‌ಬ್ಯಾಕ್ ಎಂದು ನಾವು ಪಾಠ ಹೇಳುತ್ತೇವೆ. ಮಾಡಿದ ಕೆಲಸದ ಫಲವನ್ನು ಅಳೆದು, ಬೇಕಾದುದರೊಡನೆ ಹೋಲಿಸಿ, ವ್ಯತ್ಯಾಸವನ್ನು ತಿದ್ದುವುದು. 1868ರಲ್ಲಿ ಮ್ಯಾಕ್ಸ್‌ವೆಲ್ ಗವರ್ನರುಗಳ ಬಗ್ಗೆ ಬರೆದ ಪ್ರಬಂಧದಿಂದ ಹಿಡಿದು ಇಂದಿನವರೆಗೆ ವಿಷಯ ಇದೇ. ಉಗಿಯಂತ್ರದ ಗವರ್ನರ್ ವೇಗವನ್ನು ನಿಯಂತ್ರಿಸುತ್ತದೆ, ಅಳೆಯುವುದೂ ವೇಗವನ್ನೇ.

ಹಿಮಕರಗಿಸುವ ವ್ಯವಸ್ಥೆಯಲ್ಲಿ ನಮಗೆ ಬೇಕಾದ ಫಲ ಸ್ವಚ್ಛ ನೆಲ, ಅಂದರೆ ಚ್ಯಾಪ್‌ಮನ್ ಸಮೀಕರಣದ ಹಿಮಮುಕ್ತ ಅನುಪಾತ. ವಿನ್ಯಾಸ ಮಾಡುವಾಗ ಎಂಜಿನಿಯರರು ಆರಿಸಿಕೊಂಡದ್ದು ಅದನ್ನೇ. ಆದರೆ ನಿಯಂತ್ರಕ ಅದನ್ನು ಅಳೆಯುವುದೇ ಇಲ್ಲ! ಗಾಳಿಯ ಸಂವೇದಕ ಕಾರಣವನ್ನು ಅಳೆಯುತ್ತದೆ. ಹಾಸಿನೊಳಗಿನ ಥರ್ಮಿಸ್ಟರ್ ಕಾಂಕ್ರೀಟು ಅತಿಯಾಗಿ ಕಾಯದಂತೆ ನೋಡಿಕೊಳ್ಳುತ್ತದೆ. ಫಲವನ್ನು ನೋಡುವ ಕಣ್ಣು ಇಲ್ಲ.

ಹಾಗಾದರೆ ಯಾವಾಗ ನಿಲ್ಲಿಸಬೇಕೆಂದು ಅದಕ್ಕೆ ಗೊತ್ತಾಗುವುದು ಹೇಗೆ? ಗೊತ್ತಾಗುವುದಿಲ್ಲ. ಅದಕ್ಕಾಗಿಯೇ ‘ವಿಳಂಬ’ದ ಗುಂಡಿ ಇದೆ. ಬಟ್ಟಲು ಒಣಗಿದ ಮೇಲೂ ಇಂತಿಷ್ಟು ಗಂಟೆ ಉರಿಯುತ್ತಿರಲಿ ಎಂದು ಕೈಯಾರೆ ನಿಗದಿಪಡಿಸುವುದು. ಕೆಲವು ನಿಯಂತ್ರಕಗಳಲ್ಲಿ ಇದನ್ನು 10 ಗಂಟೆವರೆಗೂ ತಿರುಗಿಸಬಹುದು. ನಾವು ರೆಫ್ರಿಜರೇಟರಿನ ಗಡಿಯಾರಕ್ಕೇ ಮರಳಿದೆವು.

ಇದರ ಬೆಲೆಯನ್ನು ಲೆಕ್ಕ ಹಾಕಿ. 50 ಚದರ ಮೀಟರಿನ ದಾರಿ, 300 ವ್ಯಾಟ್ ದರದಲ್ಲಿ 15 ಕಿಲೋವ್ಯಾಟ್. ಚಳಿಗಾಲದಲ್ಲಿ 40 ಸಲ, ಒಟ್ಟು 250 ಗಂಟೆ ಹಿಮ ಬೀಳುತ್ತದೆ ಎಂದಿಟ್ಟುಕೊಳ್ಳಿ. ಬೀಳುವ ಹೊತ್ತಿಗೆ ಖರ್ಚು 3750 ಯೂನಿಟ್. ವಿಳಂಬ 2 ಗಂಟೆ ಇದ್ದರೆ ಹೆಚ್ಚುವರಿ 1200 ಯೂನಿಟ್. 6 ಗಂಟೆ ಇದ್ದರೆ 3600 ಯೂನಿಟ್. ಖರ್ಚು ಹೆಚ್ಚುಕಡಿಮೆ ಇಮ್ಮಡಿ. ತಿಂಗಳಿಗೆ 100 ಯೂನಿಟ್ ಬಳಸುವ ನಮ್ಮಲ್ಲಿನ ಮನೆಯೊಂದು ಮೂರು ವರ್ಷ ನಡೆಯುವಷ್ಟು ವಿದ್ಯುತ್ತನ್ನು ಒಂದು ಗುಂಡಿಯ ಸ್ಥಾನ ನುಂಗಿತು. ತೇವದ ಸಂವೇದಕವೂ ಇಲ್ಲದೆ ಬರಿಯ ಥರ್ಮೋಸ್ಟ್ಯಾಟ್ ಇಟ್ಟವರ ಕಥೆ ಇನ್ನೂ ಕೆಟ್ಟದ್ದು. ವರ್ಷಕ್ಕೆ 2500 ಗಂಟೆ ಉಷ್ಣತೆ ಗೆರೆಗಿಂತ ಕೆಳಗಿದ್ದು, ಹಾಸಿನ ಉಷ್ಣತೆಗೆ ಮಿತಿ ಇಡದಿದ್ದರೆ, 37,500 ಯೂನಿಟ್. ಆದುದರಿಂದ ತೇವದ ಸಂವೇದಕಕ್ಕೆ ಸಲ್ಲಬೇಕಾದ ಶ್ರೇಯವನ್ನು ನಾನು ಅಲ್ಲಗಳೆಯುವುದಿಲ್ಲ. ಅದು ದೊಡ್ಡ ಉಳಿತಾಯ ತಂದಿದೆ. ಉಳಿದ ಅರ್ಧವನ್ನು ಅದು ತಂದಿಲ್ಲ ಎಂಬುದಷ್ಟೇ ನನ್ನ ವಾದ.

ಈ ವಾದ ವಿದ್ಯುತ್ ವ್ಯವಸ್ಥೆಗೆ ವಿಶೇಷವಾಗಿ ಅನ್ವಯಿಸುತ್ತದೆ. ಐಸ್‌ಲ್ಯಾಂಡಿನ ರೇಕ್ಯವಿಕ್‌ನಲ್ಲಿ ಕಾಲುದಾರಿಗಳ ಕೆಳಗೆ ಹರಿಸುವುದು ಮನೆಗಳನ್ನು ಬೆಚ್ಚಗಿಟ್ಟು ಹೊರಬಂದ ಭೂಶಾಖದ ನೀರನ್ನು. ಅಮೆರಿಕದ ಮಿಷಿಗನ್ ರಾಜ್ಯದ ಹಾಲೆಂಡ್ ಪಟ್ಟಣ 1988ರಿಂದ ವಿದ್ಯುತ್ ಸ್ಥಾವರದ ವ್ಯರ್ಥ ಶಾಖವನ್ನು ಬೀದಿಗಳ ಕೆಳಗೆ ಹರಿಸುತ್ತಿದೆ. ಅಲ್ಲಿ ಗಂಟೆ ಹೆಚ್ಚಾದರೂ ಹೋಗುವುದು ಹೇಗೂ ಹೋಗುವ ಶಾಖ. ಕೇಬಲ್ ವ್ಯವಸ್ಥೆಯಲ್ಲಾದರೋ ಮೋಟರನ್ನು ತಿರುಗಿಸಬಲ್ಲ ಉನ್ನತ ದರ್ಜೆಯ ಶಕ್ತಿಯನ್ನು ಸೊನ್ನೆ ಡಿಗ್ರಿಯ ನೀರಾಗಿಸುತ್ತೇವೆ. ಹೀಗೆ ಮಾಡುವಾಗ ನಿಯಂತ್ರಣ ಬಿಗಿಯಾಗಿರಬೇಕಾದ್ದು ಕರ್ತವ್ಯ.

ತಂತಿ ಕಡಿದಾಗ

ವಿದ್ಯಾರ್ಥಿಗಳಿಗೆ ಒಂದು ಪ್ರಶ್ನೆ. ತೇವದ ಸಂವೇದಕಕ್ಕೆ ಹೋಗುವ ತಂತಿ ಕಡಿದರೆ ನಿಯಂತ್ರಕಕ್ಕೆ ಏನು ಕಾಣುತ್ತದೆ? ಅನಂತ ರೋಧ, ಅಂದರೆ ‘ಒಣಗಿದೆ’. ಥರ್ಮಿಸ್ಟರಿನ ತಂತಿ ಕಡಿದರೆ? ಇಲ್ಲಿ ಬಳಸುವ ಥರ್ಮಿಸ್ಟರಿನ ರೋಧ ಚಳಿಯಲ್ಲಿ ಏರುತ್ತದೆ. ಆದ್ದರಿಂದ ಅನಂತ ರೋಧವೆಂದರೆ ‘ಭಯಂಕರ ಚಳಿ’. ಒಂದು ತಂತಿ ಕಡಿದರೆ ಯಂತ್ರ ಸದ್ದಿಲ್ಲದೆ ಮಲಗುತ್ತದೆ, ಇನ್ನೊಂದು ಕಡಿದರೆ ಪ್ರತಿ ಮಳೆಗೂ ಏಳುತ್ತದೆ. ಒಳ್ಳೆಯ ನಿಯಂತ್ರಕಗಳು ಇಂಥ ಅಸಾಧ್ಯ ಬೆಲೆಗಳನ್ನು ಗುರುತಿಸಿ ದೋಷದ ದೀಪ ಹೊತ್ತಿಸುತ್ತವೆ. ಅಗ್ಗದವು ನಂಬಿಬಿಡುತ್ತವೆ. ಕೇಬಲ್ಲಿನ ಸುರಕ್ಷತೆಯ ವಿಷಯದಲ್ಲಾದರೆ ನಿಯಮಗಳು ಸ್ಪಷ್ಟವಾಗಿವೆ. ಅಮೆರಿಕದ ವಿದ್ಯುತ್ ಸಂಹಿತೆಯ 426ನೆಯ ವಿಧಿ ನೆಲದ ತಾಪಕಗಳಿಗೆ ಚದರ ಮೀಟರಿಗೆ 1300 ವ್ಯಾಟಿನ ಮಿತಿ ಹಾಕಿ, ಭೂಸೋರಿಕೆಯಿಂದ ರಕ್ಷಣೆಯನ್ನೂ ಕಡ್ಡಾಯ ಮಾಡಿದೆ.

ಉತ್ತಮಗೊಳಿಸಬಹುದೆ?

ದಾರಿಗಳಿವೆ. ಮಂಜುಗಡ್ಡೆ, ನೀರು, ಹಿಮ ಇವು ಸಮೀಪದ ಅವಕೆಂಪು ಕಿರಣಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಹೀರಿಕೊಳ್ಳುತ್ತವೆ. ಈ ತತ್ವದ ಮೇಲೆ ರಸ್ತೆಯ ಮೈಯನ್ನು ದೂರದಿಂದಲೇ ಗುರುತಿಸುವ ಉಪಕರಣಗಳು ರಸ್ತೆ ಹವಾಮಾನ ಕೇಂದ್ರಗಳಲ್ಲಿ ಬಳಕೆಯಲ್ಲಿವೆ. ಇದು ನಿಜವಾದ ಕಣ್ಣು. ಮನೆಯ ಮಟ್ಟಿಗೆ ದುಬಾರಿ. ಹವಾಮಾನ ಮುನ್ಸೂಚನೆಗೆ ಜೋಡಿಸಿದ ನಿಯಂತ್ರಕಗಳೂ ಬಂದಿವೆ. ಹಿಮ ಬೀಳುವ ಮುನ್ನವೇ ನೆಲವನ್ನು ಬೆಚ್ಚಗಾಗಿಸುವುದರಿಂದ ಇವು ಮೊದಲ ಎರಡು ಗಂಟೆಗಳ ಸಮಸ್ಯೆಯನ್ನು ತಗ್ಗಿಸಬಲ್ಲವು. ಆದರೆ ಮುನ್ಸೂಚನೆ ಊರಿಗೆ ಸೇರಿದ್ದು, ಅಂಗಳಕ್ಕೆ ಸೇರಿದ್ದಲ್ಲ.

ಮೂರನೆಯ ದಾರಿಯ ಸುಳಿವು ರೆಫ್ರಿಜರೇಟರಿನಲ್ಲೇ ಇದೆ. ಅಲ್ಲಿ ಒಲೆಯನ್ನು ಹೊತ್ತಿಸುವುದು ಗಡಿಯಾರ, ನಿಜ. ಆರಿಸುವುದು ಸುರುಳಿಗೆ ಅಂಟಿಸಿದ ದ್ವಿಲೋಹದ ಥರ್ಮೋಸ್ಟ್ಯಾಟ್. ಗಡ್ಡೆ ಇರುವವರೆಗೆ ಸುರುಳಿಯ ಉಷ್ಣತೆ ಸೊನ್ನೆಯ ಬಳಿಯೇ ನಿಲ್ಲುತ್ತದೆ, ಶಾಖವೆಲ್ಲ ಗುಪ್ತೋಷ್ಣಕ್ಕೆ ಹೋಗುತ್ತದೆ. ಗಡ್ಡೆ ಮುಗಿದೊಡನೆ ಉಷ್ಣತೆ ಜಿಗಿಯುತ್ತದೆ, ಥರ್ಮೋಸ್ಟ್ಯಾಟ್ ತೆರೆದುಕೊಳ್ಳುತ್ತದೆ. ಸ್ಥಿತಿ ಬದಲಾವಣೆಯ ಸಮತಟ್ಟು ರೇಖೆಯೇ ‘ಗಡ್ಡೆ ಇನ್ನೂ ಇದೆ’ ಎಂದು ಸಾಕ್ಷಿ ಹೇಳುತ್ತದೆ. ಅಗ್ಗದ ಈ ಉಪಾಯದಲ್ಲಿ ಅಪ್ಪಟ ಫೀಡ್‌ಬ್ಯಾಕ್ ಇದೆ. ಭಾರವಾದ ಕಾಂಕ್ರೀಟಿನಲ್ಲಿ ಈ ಸಮತಟ್ಟು ಮಸುಕಾಗುತ್ತದೆ, ಒಪ್ಪುತ್ತೇನೆ. ಆದರೂ ಮೈಗೆ ತೀರ ಸಮೀಪದಲ್ಲಿ ಉಷ್ಣತೆಯ ಏರಿಕೆಯ ದರವನ್ನು ಗಮನಿಸಿದರೆ ಕುರುಡು ವಿಳಂಬಕ್ಕಿಂತ ಉತ್ತಮ ತೀರ್ಪು ಸಾಧ್ಯವೆಂದು ನನಗೆ ತೋರುತ್ತದೆ.

ನಮಗೇಕೆ ಇದು?

ಹಿಮವೇ ಬೀಳದ ನಾಡಿನಲ್ಲಿ ಇದನ್ನೇಕೆ ಓದಬೇಕು ಎಂದು ನೀವು ಕೇಳಬಹುದು. ನಮ್ಮ ತೋಟದ ಹನಿ ನೀರಾವರಿಗೆ ತೇವದ ಸಂವೇದಕ, ಮಾಳಿಗೆಯ ತೊಟ್ಟಿಗೆ ನೀರಿನ ಮಟ್ಟದ ಸಂವೇದಕ, ಬೀದಿದೀಪಕ್ಕೆ ಬೆಳಕಿನ ಸಂವೇದಕ ಇವೆ. ಇವೆಲ್ಲಕ್ಕೂ ಕೇಳಬೇಕಾದ ಪ್ರಶ್ನೆಗಳು ಮೂರು. ಇದು ನಿಜವಾಗಿ ಅಳೆಯುತ್ತಿರುವುದು ಏನನ್ನು? ನಮಗೆ ಬೇಕಾದ ಫಲಕ್ಕೂ ಅದಕ್ಕೂ ನಡುವೆ ಎಷ್ಟು ಊಹೆ ಇದೆ? ತಂತಿ ಕಡಿದರೆ ಇದು ಏನೆಂದು ಹೇಳುತ್ತದೆ? ಅಧ್ಯಾಪಕರು ‘ಸ್ವಯಂಚಾಲಿತ’ ಎಂಬ ಪದವನ್ನು ಕರಿಹಲಗೆಯ ಮೇಲೆ ಬರೆದಾಗ ಈ ಮೂರನ್ನೂ ಕೆಳಗೆ ಬರೆಯಿರಿ ಎಂದು ನನ್ನ ವಿನಂತಿ.

ನನ್ನ ವಿದ್ಯಾರ್ಥಿಗೆ ನಾನು ಕೇಳಿದ್ದೂ ಇವನ್ನೇ. ಅವನು ಪೆಟ್ಟಿಗೆ ತೆರೆದು ನೋಡಿದಾಗ ವಿಳಂಬದ ಗುಂಡಿ ಗರಿಷ್ಠ ಸ್ಥಾನದಲ್ಲಿತ್ತು. ಈಗ ಅದನ್ನು 2 ಗಂಟೆಗೆ ಇಳಿಸಿದ್ದಾನೆ. ಶುಭ್ರ ರಾತ್ರಿಯ ಮರುಬೆಳಿಗ್ಗೆ ಯಾರೂ ಹೊರಡುವ ಮೊದಲು ತಾನೇ ಬಾಗಿಲು ತೆರೆದು ನೆಲ ನೋಡಿ, ಗಡ್ಡೆ ಕಂಡರೆ ಕೈಯಾರೆ ಸ್ವಿಚ್ ಹಾಕುತ್ತಾನಂತೆ. ವ್ಯವಸ್ಥೆಯಲ್ಲಿ ಇಲ್ಲದಿದ್ದ ಕಣ್ಣು ಅದೊಂದೇ.